ಹೋಟೆಲ್ ಮ್ಯಾನೇಜ್‌ಮೆಂಟ್ ಪದವಿಯ ನಂತರ ವಿದೇಶದಲ್ಲಿ ಓದು ಮತ್ತು ಕೆಲಸ: ಈಗಲೇ ಹೊರಡುವುದೇ, ಇಲ್ಲಿ ದುಡಿದು ಹೊರಡುವುದೇ?

ಪ್ರಶ್ನೆ: ವಿದ್ಯಾರ್ಥಿನಿ, ಡೊಂಬಿವಲಿ

ಎಲ್ಲರಿಗೂ ನಮಸ್ಕಾರ. ನಾನು ಮುಂಬಯಿಯ ಕಾಲೇಜೊಂದರಲ್ಲಿ ಹೋಟೆಲ್ ಮ್ಯಾನೇಜ್‌ಮೆಂಟ್ ಪದವಿಯ ಕೊನೆಯ ವರ್ಷದಲ್ಲಿ ಓದುತ್ತಿದ್ದೇನೆ. ತಂದೆಯವರು ಕುಂದಾಪುರದ ಕಡೆಯಿಂದ ಹುಡುಗನಾಗಿದ್ದಾಗಲೇ ಇಲ್ಲಿಗೆ ಬಂದು, ಹಗಲು ಹೋಟೆಲಿನಲ್ಲಿ ದುಡಿದು, ರಾತ್ರಿ ಶಾಲೆಯಲ್ಲಿ ಓದಿದವರು. ಈಗ ಠಾಣೆಯಲ್ಲಿ ಬೇರೆಯವರ ಹೋಟೆಲೊಂದನ್ನು ಕಂಡಕ್ಟ್ ಮೇಲೆ, ಅಂದರೆ ಮಾಲೀಕರೊಡನೆ ಕರಾರು ಮಾಡಿಕೊಂಡು, ನಡೆಸುತ್ತಿದ್ದಾರೆ. ನಮ್ಮದೆಂದು ಹೇಳಿಕೊಳ್ಳಬಹುದಾದ ಆಸ್ತಿ ಡೊಂಬಿವಲಿಯ ಫ್ಲ್ಯಾಟ್ ಮಾತ್ರ.

ವಿಮಾನ ನಿಲ್ದಾಣದ ಬಳಿಯ ದೊಡ್ಡ ಹೋಟೆಲಿನಲ್ಲಿ ಟ್ರೇನಿಂಗ್ ಮಾಡುವಾಗ ಅಡುಗೆಮನೆ, ಸರ್ವಿಸ್, ಹೌಸ್‌ಕೀಪಿಂಗ್, ಫ್ರಂಟ್ ಆಫೀಸ್ ಎಲ್ಲವನ್ನೂ ನೋಡಿದೆ. ಅವುಗಳಲ್ಲಿ ನನ್ನ ಮನಸ್ಸು ನಿಂತದ್ದು ಅತಿಥಿಗಳನ್ನು ಬರಮಾಡಿಕೊಂಡು ಕೋಣೆ ಕೊಡುವ ಫ್ರಂಟ್ ಆಫೀಸಿನಲ್ಲಿ. ರಾತ್ರಿ ಪಾಳಿಯಲ್ಲಿ ದಿನದ ಲೆಕ್ಕ ಮುಗಿಸುವ ನೈಟ್ ಆಡಿಟ್, ಮರುದಿನ ಎಷ್ಟು ಕೋಣೆಗಳು ತುಂಬುತ್ತವೆ ಎಂಬ ಅಂದಾಜು, ಅದಕ್ಕೆ ತಕ್ಕಂತೆ ದರವನ್ನು ಏರಿಸಿ ಇಳಿಸುವ ಲೆಕ್ಕ, ಇವು ನನಗೆ ಬಹಳ ಇಷ್ಟವಾದವು. ಮುಂದೆ ಇದನ್ನೇ ನೋಡಿಕೊಳ್ಳುವ ರೆವೆನ್ಯೂ ಮ್ಯಾನೇಜ್‌ಮೆಂಟ್ ವಿಭಾಗದಲ್ಲಿ ಬೆಳೆಯಬೇಕೆಂಬ ಆಸೆಯಿದೆ.

ಮನೆಯಲ್ಲಿ ಈಗ ಮೂರು ಸಲಹೆಗಳು ಓಡಾಡುತ್ತಿವೆ. ದಾದರಿನ ಕನ್ಸಲ್ಟಂಟ್ ಒಬ್ಬರು ಆಸ್ಟ್ರೇಲಿಯಾದಲ್ಲಿ ಅಡುಗೆಯ ಸರ್ಟಿಫಿಕೇಟ್ ಮತ್ತು ಅದರೊಡನೆ ಹಾಸ್ಪಿಟಾಲಿಟಿ ಡಿಪ್ಲೊಮಾ ಮಾಡುವುದೇ ಸರಿ, ಅಲ್ಲಿ ನೆಲೆಸುವ ದಾರಿ ಅದೊಂದೇ ಎನ್ನುತ್ತಾರೆ. ಮಾವನವರು ಸ್ವಿಟ್ಜರ್ಲೆಂಡಿನ ಹೆಸರು ಹೇಳುತ್ತಾರೆ. ಗೆಳತಿಯೊಬ್ಬಳು ಬ್ರಿಟನ್ನಿನಲ್ಲಿ ಒಂದು ವರ್ಷದ ಸ್ನಾತಕೋತ್ತರ ಪದವಿಗೆ ಹೊರಟಿದ್ದಾಳೆ. ಯಾವ ದೇಶದಲ್ಲಿ ಓದಿದರೆ ನನಗೆ ಇಷ್ಟವಾದ ಕೆಲಸದಲ್ಲೇ ಮುಂದುವರಿಯಲು ಸಾಧ್ಯ? ಪದವಿ ಮುಗಿದ ಕೂಡಲೇ ಹೋಗುವುದು ಒಳ್ಳೆಯದೇ ಅಥವಾ ಇಲ್ಲಿ ಒಂದೆರಡು ವರ್ಷ ಕೆಲಸ ಮಾಡಬೇಕೇ? ಫ್ಲ್ಯಾಟನ್ನು ಅಡವಿಡಲು ತಂದೆಯವರು ಸಿದ್ಧರಿದ್ದಾರೆ. ನನಗೇ ಧೈರ್ಯ ಬರುತ್ತಿಲ್ಲ. ತಿಳಿದವರು ದಯವಿಟ್ಟು ವಿವರವಾಗಿ ಬರೆಯಬೇಕೆಂದು ಕೋರುತ್ತೇನೆ.

ಉತ್ತರ: ಫ್ರಂಟ್ ಆಫೀಸ್ ಮ್ಯಾನೇಜರ್, ಪಣಜಿ

ತಂಗೀ, ನಾನು ಆಸ್ಟ್ರೇಲಿಯಾದಲ್ಲಿ ಓದಿ, ಅಲ್ಲಿ ಕೆಲ ಕಾಲ ಕೆಲಸ ಮಾಡಿ, ಈಗ ಗೋವಾದ ರೆಸಾರ್ಟೊಂದರಲ್ಲಿದ್ದೇನೆ. ಆದ್ದರಿಂದ ಕನ್ಸಲ್ಟಂಟರ ಸಲಹೆಯಿಂದಲೇ ಆರಂಭಿಸುತ್ತೇನೆ.

ಅವರು ಅಡುಗೆಯ ಕೋರ್ಸನ್ನೇ ಮುಂದಿಡುವುದಕ್ಕೆ ಕಾರಣವಿದೆ. 2024ರ ಡಿಸೆಂಬರ್ 7ರಿಂದ ಆಸ್ಟ್ರೇಲಿಯಾದಲ್ಲಿ ಜಾರಿಗೆ ಬಂದ, ಮಾಲೀಕರು ಕೊಡಿಸುವ ಸ್ಕಿಲ್ಸ್ ಇನ್ ಡಿಮ್ಯಾಂಡ್ ಎಂಬ ಉದ್ಯೋಗ ವೀಸಾಕ್ಕೆ ಆಧಾರವಾದ ಉದ್ಯೋಗಗಳ ಪಟ್ಟಿಯಲ್ಲಿ ಶೆಫ್ ಇದೆ. ಹೋಟೆಲ್ ರಿಸೆಪ್ಷನಿಸ್ಟ್ ಇಲ್ಲ. ಆದರೆ ಪಟ್ಟಿಯಲ್ಲಿ ಹೆಸರಿದ್ದ ಮಾತ್ರಕ್ಕೆ ದಾರಿ ಸಲೀಸಾಗುವುದಿಲ್ಲ. ಅಲ್ಲಿ ಓದಿದವರು ಶೆಫ್ ಎಂದು ಮಾನ್ಯತೆ ಪಡೆಯಬೇಕಾದರೆ ಟ್ರೇಡ್ಸ್ ರೆಕಗ್ನಿಷನ್ ಆಸ್ಟ್ರೇಲಿಯಾ ಸಂಸ್ಥೆಯ ಜಾಬ್ ರೆಡಿ ಕಾರ್ಯಕ್ರಮವನ್ನು ಮುಗಿಸಬೇಕು. ಅದರಲ್ಲಿ ಕನಿಷ್ಠ 12 ತಿಂಗಳ ಅವಧಿಯಲ್ಲಿ 1,725 ಗಂಟೆಗಳ ಸಂಬಳದ ಕೆಲಸವನ್ನು ಅಡುಗೆಮನೆಯಲ್ಲೇ ಮಾಡಿ ದಾಖಲೆ ತೋರಿಸಬೇಕು, ನಂತರ ಕೆಲಸದ ಜಾಗಕ್ಕೇ ಬಂದು ನಿಮ್ಮ ಕೈಕೆಲಸವನ್ನು ಪರೀಕ್ಷಿಸುತ್ತಾರೆ. ಅಂದರೆ ಓದಿನ ಎರಡು ವರ್ಷ, ಆಮೇಲಿನ ಒಂದೂವರೆ ಎರಡು ವರ್ಷ, ಅದಾದ ಮೇಲೆ ವೀಸಾ ಕೊಡಿಸುವ ಮಾಲೀಕರ ಬಳಿ ಇನ್ನಷ್ಟು ವರ್ಷ, ಇವೆಲ್ಲವೂ ಒಲೆಯ ಮುಂದೆಯೇ ಕಳೆಯುತ್ತವೆ. ಕೋಣೆಗಳ ದರದ ಲೆಕ್ಕ ಇಷ್ಟವೆಂದು ಬರೆದಿರುವ ನೀವು ಮೂವತ್ತರ ಹೊತ್ತಿಗೆ ಆ ಲೆಕ್ಕವನ್ನು ಮರೆತೇ ಬಿಟ್ಟಿರುತ್ತೀರಿ. ಅಡುಗೆಯಲ್ಲಿ ಮನಸ್ಸಿರುವವರಿಗೆ ಇದಕ್ಕಿಂತ ಒಳ್ಳೆಯ ದಾರಿ ಕಡಿಮೆ. ಮನಸ್ಸಿಲ್ಲದವರು ವೀಸಾಕ್ಕಾಗಿ ಅಡುಗೆಮನೆಗೆ ಇಳಿದು ನಡುವೆ ಕೈಬಿಟ್ಟದ್ದನ್ನು ನಾನು ಕಣ್ಣಾರೆ ಕಂಡಿದ್ದೇನೆ, ಆದ್ದರಿಂದಲೇ ಇಷ್ಟು ಒತ್ತಿ ಹೇಳುತ್ತಿದ್ದೇನೆ. ವಿದೇಶಿ ಶಿಕ್ಷಣದ ಏಜೆಂಟರಿಗೆ ಸಾಮಾನ್ಯವಾಗಿ ನೀವು ಸೇರುವ ಸಂಸ್ಥೆಯಿಂದ ಕಮಿಷನ್ ಸಿಗುತ್ತದೆ ಎಂಬುದನ್ನೂ ನೆನಪಿನಲ್ಲಿಡಿ. ಅದು ತಪ್ಪಲ್ಲ, ಆದರೆ ಅವರ ಸಲಹೆಯನ್ನು ತೂಗುವಾಗ ಅದನ್ನೂ ತಕ್ಕಡಿಗೆ ಹಾಕಬೇಕು.

ಹಣದ ವಿಷಯ. ವಿದ್ಯಾರ್ಥಿ ವೀಸಾದ ಅರ್ಜಿ ಶುಲ್ಕವೇ 2025ರ ಜುಲೈಯಿಂದ 2,000 ಆಸ್ಟ್ರೇಲಿಯನ್ ಡಾಲರ್. ವೀಸಾ ನಿರಾಕರಣೆಯಾದರೆ ಅದು ಹಿಂದೆ ಬರುವುದಿಲ್ಲ. ಕಾಲೇಜು ಶುಲ್ಕವಲ್ಲದೆ ಒಂದು ವರ್ಷದ ಜೀವನ ವೆಚ್ಚಕ್ಕೆಂದು 29,710 ಡಾಲರ್ ತೋರಿಸಬೇಕು. ಕಾಲೇಜು ನಡೆಯುವ ದಿನಗಳಲ್ಲಿ ಎರಡು ವಾರಕ್ಕೆ 48 ಗಂಟೆ ಮಾತ್ರ ಕೆಲಸ ಮಾಡಬಹುದು. ಕನಿಷ್ಠ ವೇತನ 2025ರ ಜುಲೈಯಿಂದ ಗಂಟೆಗೆ 24.95 ಡಾಲರ್, ಕಾಯಂ ಅಲ್ಲದೆ ಕ್ಯಾಷುಯಲ್ ಆಗಿ ದುಡಿಯುವವರಿಗೆ ಅದರ ಮೇಲೆ ಶೇಕಡಾ 25 ಹೆಚ್ಚು. ಊಟ, ಬಾಡಿಗೆ ಇದರಲ್ಲಿ ಹೇಗೋ ಸಾಗುತ್ತದೆ, ಆದರೆ ಕಾಲೇಜು ಶುಲ್ಕ ಹುಟ್ಟುವುದಿಲ್ಲ. ಸಂಬಳವನ್ನು ಚೀಟಿಯಿಲ್ಲದೆ ಕೈಗೆ ಕೊಡುತ್ತೇವೆಂದು ಕಡಿಮೆ ದರಕ್ಕೆ ಕರೆಯುವ ರೆಸ್ಟೋರೆಂಟುಗಳು ನಮ್ಮವರದೂ ಇವೆ. ಅಂಥಲ್ಲಿ ದುಡಿದ ಗಂಟೆಗಳಿಗೆ ಪೇಸ್ಲಿಪ್ ಇರುವುದಿಲ್ಲ, ಹಾಗಾಗಿ ಅವು ಮುಂದೆ ಯಾವ ಲೆಕ್ಕಕ್ಕೂ ಬರುವುದಿಲ್ಲ. ವೇತನದ ದೂರುಗಳನ್ನು ಕೇಳುವ ಫೇರ್ ವರ್ಕ್ ಆಂಬುಡ್ಸ್‌ಮನ್ ಕಚೇರಿ ವೀಸಾದ ಮೇಲಿರುವವರ ದೂರನ್ನೂ ಕೇಳುತ್ತದೆ.

ಇನ್ನು ಈಗಲೇ ಹೋಗಬೇಕೇ ಎಂಬುದು. ನೇಮಕಾತಿಯ ಮೇಜಿನ ಈ ಬದಿಯಲ್ಲಿ ಕುಳಿತು ನೋಡುತ್ತಿರುವ ನನ್ನ ಅಭಿಪ್ರಾಯ ಸ್ಪಷ್ಟವಾಗಿದೆ: ಮೊದಲು ಒಂದೂವರೆ ಎರಡು ವರ್ಷ ಇಲ್ಲಿನ ದೊಡ್ಡ ಹೋಟೆಲಿನಲ್ಲಿ ಕೆಲಸ ಮಾಡಿ. ವಿದೇಶದ ಪದವಿಯಿದ್ದೂ ಕೌಂಟರಿನ ಅನುಭವವಿಲ್ಲದೆ ಬಂದವರನ್ನು ನಾವು ಹೊಸಬರ ಹುದ್ದೆಯಲ್ಲೇ ತೆಗೆದುಕೊಳ್ಳುತ್ತೇವೆ. ಅಕ್ಟೋಬರಿನಿಂದ ಮಾರ್ಚಿಯವರೆಗಿನ ಗೋವಾ ಸೀಸನ್ನಿನಲ್ಲಿ ಒಂದೇ ಸಮಯಕ್ಕೆ ಎರಡು ಬಸ್ಸಿನ ಅತಿಥಿಗಳು ಬಂದಿಳಿದು, ಕೋಣೆಗಳು ಇನ್ನೂ ಸಿದ್ಧವಾಗಿಲ್ಲದಿರುವಾಗ ಕೌಂಟರ್ ನಿಭಾಯಿಸಿದವರು, ಹೋಟೆಲಿನ ಕೋಣೆಗಳನ್ನು ನಿರ್ವಹಿಸುವ ಒಪೇರಾ ತಂತ್ರಾಂಶದಲ್ಲಿ ದರದ ಕೋಡುಗಳನ್ನು ಅರಿತವರು, ಓವರ್‌ಬುಕಿಂಗ್ ಆದ ರಾತ್ರಿ ಅತಿಥಿಯನ್ನು ಬೇರೆ ಹೋಟೆಲಿಗೆ ಕಳಿಸುವ ಮಾತನ್ನು ಸಮಾಧಾನದಿಂದ ಆಡಬಲ್ಲವರು, ಇವರಿಗೆ ಯಾವ ದೇಶದಲ್ಲೂ ಸಂದರ್ಶನ ಕಷ್ಟವಾಗುವುದಿಲ್ಲ.

ಉತ್ತರ: ನಿವೃತ್ತ ಬ್ಯಾಂಕ್ ಅಧಿಕಾರಿ, ಠಾಣೆ

ನಾನು ಸಾಲದ ಬಗ್ಗೆ ಮಾತ್ರ ಬರೆಯುತ್ತೇನೆ. ಬ್ಯಾಂಕುಗಳ ಸಂಘದ ಮಾದರಿ ಯೋಜನೆಯಂತೆ 7.5 ಲಕ್ಷ ರೂಪಾಯಿಗೆ ಮೀರಿದ ಶಿಕ್ಷಣ ಸಾಲಕ್ಕೆ ಆಸ್ತಿಯ ಭದ್ರತೆ ಕೇಳುತ್ತಾರೆ. ಕೆಲವು ಬ್ಯಾಂಕುಗಳು ತಾವು ಗುರುತಿಸಿದ ವಿಶ್ವವಿದ್ಯಾಲಯಗಳಿಗೆ ಹೋಗುವವರಿಗೆ ಭದ್ರತೆಯಿಲ್ಲದೆಯೂ ಹೆಚ್ಚಿನ ಸಾಲ ಕೊಡುತ್ತವೆ. ನೀವು ಆರಿಸುವ ಸಂಸ್ಥೆ ಆ ಪಟ್ಟಿಯಲ್ಲಿದೆಯೇ ಎಂದು ಪ್ರವೇಶ ಶುಲ್ಕ ಕಟ್ಟುವ ಮೊದಲೇ ಶಾಖೆಯಲ್ಲಿ ಕೇಳಿ. ಓದಿನ ಅವಧಿ ಮತ್ತು ಅದರ ನಂತರದ ಒಂದು ವರ್ಷ ಕಂತು ಇರುವುದಿಲ್ಲ, ಆದರೆ ಬಡ್ಡಿ ಬೆಳೆಯುತ್ತಲೇ ಇರುತ್ತದೆ. ಆ ಬಡ್ಡಿಯನ್ನಾದರೂ ತಿಂಗಳು ತಿಂಗಳು ಕಟ್ಟುತ್ತಿದ್ದರೆ ಹೊರೆ ಬಹಳ ಹಗುರಾಗುತ್ತದೆ.

ಒಂದು ಲೆಕ್ಕ ಹೇಳುತ್ತೇನೆ. 30 ಲಕ್ಷ ರೂಪಾಯಿಯನ್ನು ಶೇಕಡಾ 10ರ ಬಡ್ಡಿಗೆ 10 ವರ್ಷದಲ್ಲಿ ತೀರಿಸುವುದಾದರೆ ತಿಂಗಳ ಕಂತು ಸುಮಾರು 39,600 ರೂಪಾಯಿ ಆಗುತ್ತದೆ. ಇದರಲ್ಲಿ ಓದುವಾಗ ಸೇರಿದ ಬಡ್ಡಿ ಇಲ್ಲ. ವೀಸಾ ಮುಗಿದು ಭಾರತಕ್ಕೆ ಹಿಂದಿರುಗಬೇಕಾಗಿ ಬಂದರೆ, ಇಲ್ಲಿನ ಹೋಟೆಲಿನ ಆರಂಭದ ಸಂಬಳದಲ್ಲಿ ಈ ಕಂತನ್ನು ಕಟ್ಟಿ ಮನೆ ನಡೆಸಲು ಸಾಧ್ಯವೇ ಎಂದು ತಂದೆಯವರೊಂದಿಗೆ ಕುಳಿತು ಲೆಕ್ಕ ಹಾಕಿ. ಸಾಧ್ಯವಿಲ್ಲವೆಂದಾದರೆ ಸಾಲದ ಮೊತ್ತ ಇಳಿಯಬೇಕು, ಇಲ್ಲವೇ ದೇಶ ಬದಲಾಗಬೇಕು. ಕಂಡಕ್ಟಿನ ಹೋಟೆಲಿನ ಕರಾರು ಎಷ್ಟು ವರ್ಷದ್ದು ಎಂಬುದನ್ನೂ ಇದರೊಡನೆ ನೋಡಬೇಕು, ಏಕೆಂದರೆ ಮನೆಯ ಆದಾಯ ನಿಂತಿರುವುದು ಅದರ ಮೇಲೆಯೇ.

ಇನ್ನೊಂದು ಮಾತು. 2025ರ ಏಪ್ರಿಲ್‌ನಿಂದ ಬ್ಯಾಂಕಿನ ಶಿಕ್ಷಣ ಸಾಲದ ಹಣವನ್ನು ವಿದೇಶಕ್ಕೆ ಕಳಿಸುವಾಗ ಟಿಸಿಎಸ್ (ಮೂಲದಲ್ಲೇ ವಸೂಲಾಗುವ ತೆರಿಗೆ) ಕಡಿತವಿಲ್ಲ. ಸ್ವಂತ ಹಣವಾದರೆ ವರ್ಷಕ್ಕೆ 10 ಲಕ್ಷಕ್ಕೆ ಮೀರಿದ ಭಾಗದ ಮೇಲೆ ಕಡಿತವಾಗುತ್ತದೆ, ಅದನ್ನು ಆದಾಯ ತೆರಿಗೆ ವಿವರ ಸಲ್ಲಿಸುವಾಗ ಹೊಂದಿಸಿಕೊಳ್ಳಬಹುದು.

ಉತ್ತರ: ಜರ್ಮನ್ ಭಾಷಾ ಶಿಕ್ಷಕಿ, ಪುಣೆ

ನಿಮ್ಮ ಮೂರು ಸಲಹೆಗಳಲ್ಲಿ ಜರ್ಮನಿಯ ಹೆಸರೇ ಇಲ್ಲದಿರುವುದನ್ನು ನೋಡಿ ಬರೆಯುತ್ತಿದ್ದೇನೆ. ಪುಣೆಯಲ್ಲಿ ಹೋಟೆಲ್ ಮ್ಯಾನೇಜ್‌ಮೆಂಟ್ ಓದಿದ ಹಲವರು ಈಗ ಜರ್ಮನ್ ಕಲಿಯಲು ಬರುತ್ತಿದ್ದಾರೆ, ಏಕೆಂದರೆ ಅಲ್ಲಿ ಹೋಟೆಲಿನ ಕೆಲಸವನ್ನು ಶುಲ್ಕ ಕಟ್ಟಿ ಕಲಿಯಬೇಕಾಗಿಲ್ಲ. ಔಸ್‌ಬಿಲ್ಡುಂಗ್ ಎಂಬ ವೃತ್ತಿ ತರಬೇತಿಯಲ್ಲಿ ಹೋಟೆಲು ನಿಮ್ಮೊಡನೆ ಒಪ್ಪಂದ ಮಾಡಿಕೊಳ್ಳುತ್ತದೆ, ಮೂರು ವರ್ಷ ಪ್ರತಿ ತಿಂಗಳು ಭತ್ಯೆ ಕೊಡುತ್ತದೆ, ವೃತ್ತಿ ಶಾಲೆಗೂ ಕಳಿಸುತ್ತದೆ. ಕೊನೆಯಲ್ಲಿ ಆ ಪ್ರದೇಶದ ವಾಣಿಜ್ಯ ಮಂಡಳಿ ಪರೀಕ್ಷೆ ನಡೆಸುತ್ತದೆ. ಅಡುಗೆಯವರಿಗೆ ಬೇರೆ ತರಬೇತಿ, ಹೋಟೆಲ್ ಕೆಲಸಕ್ಕೆ ಬೇರೆ ತರಬೇತಿ ಇದೆ. ಹೋಟೆಲ್ ಕೆಲಸದ ತರಬೇತಿಯಲ್ಲಿ ರಿಸೆಪ್ಷನ್, ಹೌಸ್‌ಕೀಪಿಂಗ್, ಸರ್ವಿಸ್, ಮಾರಾಟ ಎಲ್ಲವೂ ಬರುತ್ತವೆ, ಹಾಗಾಗಿ ನಿಮ್ಮ ಆಸಕ್ತಿಗೆ ಅದು ದೂರವಲ್ಲ. ಜರ್ಮನಿಯಲ್ಲೇ ಈ ತರಬೇತಿ ಮುಗಿಸಿ ಅದೇ ವೃತ್ತಿಯಲ್ಲಿ ಎರಡು ವರ್ಷ ಕೆಲಸ ಮಾಡಿದವರು, ಪಿಂಚಣಿ ವಂತಿಗೆ, ಭಾಷೆ ಮುಂತಾದ ಷರತ್ತುಗಳನ್ನು ಪೂರೈಸಿದ್ದರೆ, ಕಾಯಂ ವಾಸಕ್ಕೆ ಅರ್ಜಿ ಹಾಕಬಹುದು.

ಕಷ್ಟಗಳನ್ನೂ ಮುಚ್ಚಿಡದೆ ಹೇಳಬೇಕು. ಭಾಷೆಯಲ್ಲಿ ಬಿ1 ಎಂಬ ಮಧ್ಯಮ ಮಟ್ಟವಿಲ್ಲದೆ ಹೋಗುವ ಮಾತೇ ಇಲ್ಲ, ರಿಸೆಪ್ಷನ್ ಕೌಂಟರಿನಲ್ಲಿ ನಿಲ್ಲಬೇಕಾದರೆ ನನ್ನ ದೃಷ್ಟಿಯಲ್ಲಿ ಅದರ ಮೇಲಿನ ಬಿ2 ಬೇಕು. ಕೆಲಸ ಮಾಡುತ್ತಾ ಕಲಿಯುವವರಿಗೆ ಇದಕ್ಕೆ ಒಂದರಿಂದ ಒಂದೂವರೆ ವರ್ಷ ಹಿಡಿಯುತ್ತದೆ. ಮುಂಬಯಿಯಲ್ಲಿ ಕಾಲಾ ಘೋಡಾದ ಮ್ಯಾಕ್ಸ್ ಮುಲ್ಲರ್ ಭವನ, ನಮ್ಮಲ್ಲಿ ಪುಣೆಯ ಮ್ಯಾಕ್ಸ್ ಮುಲ್ಲರ್ ಭವನ ಮತ್ತು ರಾನಡೆ ಇನ್‌ಸ್ಟಿಟ್ಯೂಟ್ ಭಾಷೆ ಕಲಿಯಲು ನಂಬಬಹುದಾದ ಜಾಗಗಳು. ಪದವೀಧರೆಯಾಗಿದ್ದೂ ಹತ್ತೊಂಬತ್ತು ಇಪ್ಪತ್ತರ ಹುಡುಗರ ಜೊತೆ ತರಬೇತಿಯ ಮೊದಲ ವರ್ಷದಲ್ಲಿ ಕೂರಬೇಕಾಗುತ್ತದೆ. ಇದನ್ನು ಕೀಳೆಂದು ಭಾವಿಸುವವರು ಹೋಗಬಾರದು. ಒಪ್ಪಂದ ಕೊಡುವ ಹೋಟೆಲುಗಳಲ್ಲಿ ಅನೇಕವು ಬರ್ಲಿನ್ನಿನಲ್ಲಿಲ್ಲ, ಬೆಟ್ಟದ ಊರುಗಳಲ್ಲೋ ಸಮುದ್ರ ತೀರದ ಸಣ್ಣ ಪಟ್ಟಣಗಳಲ್ಲೋ ಇರುತ್ತವೆ. ಬೇರೆ ಭಾಷೆಯವರ ನಡುವೆ ಕನ್ನಡ ಉಳಿಸಿಕೊಂಡು ಬೆಳೆದ ನಮ್ಮ ಮುಂಬಯಿ, ಪುಣೆಯ ಮಕ್ಕಳು ಹೊಸ ಭಾಷೆಯನ್ನು ಬಹಳ ಬೇಗ ಹಿಡಿಯುವುದನ್ನು ನನ್ನ ತರಗತಿಯಲ್ಲಿ ನೋಡುತ್ತಿದ್ದೇನೆ. ಇದು ನಿಮಗೆ ನಿಜವಾದ ಬಲ.

ಉತ್ತರ: ಹೋಟೆಲ್ ಉದ್ಯಮಿ, ಮಾಟುಂಗ

ಮಗಳೇ, ನಿನ್ನ ತಂದೆ ಬಂದ ದಾರಿಯಲ್ಲೇ ಬಂದವನು ನಾನು. ಪಣಜಿಯವರು ಬರೆದದ್ದರಲ್ಲಿ ಬಹುಪಾಲು ಒಪ್ಪುತ್ತೇನೆ, ಒಂದು ವಿಷಯವನ್ನು ಬಿಟ್ಟು. ಅಡುಗೆಮನೆಯನ್ನು ಅಷ್ಟು ಬೇಗ ಪಕ್ಕಕ್ಕಿಡಬೇಡ. ಈಗ ದಾದರಿನಲ್ಲಿರುವ ದೇಶದ ಮೊದಲ ಕೇಟರಿಂಗ್ ಕಾಲೇಜು ಆರಂಭವಾದದ್ದು 1954ರಲ್ಲಿ. ಅದಕ್ಕೂ ಮುಂಚಿನಿಂದ ನಮ್ಮವರು ಈ ಊರಿನಲ್ಲಿ ಕಲಿತದ್ದು ಕ್ಲೀನರ್ ಕೆಲಸದಿಂದ ಸಪ್ಲಾಯರ್, ಅಲ್ಲಿಂದ ಗಲ್ಲೆ (ಹಣದ ಕೌಂಟರ್) ಎಂಬ ಕ್ರಮದಲ್ಲಿ. ಗಲ್ಲೆಯ ಮೇಲೆ ಕುಳಿತವನಿಗೆ ಒಳಗೆ ಎಷ್ಟು ಹಿಟ್ಟು ರುಬ್ಬಿದ್ದಾರೆ, ಎಷ್ಟು ಉಳಿದಿದೆ ಎಂಬುದು ತಿಳಿಯದಿದ್ದರೆ ಸಂಜೆಯ ಲೆಕ್ಕ ಕೂಡಿ ಬರುವುದಿಲ್ಲ. ನೀನು ಹೇಳುವ ದರದ ಲೆಕ್ಕವೂ ಕೋಣೆಯಲ್ಲೇ ನಿಲ್ಲುವುದಿಲ್ಲ, ಮದುವೆಯ ಹಾಲ್‌ನಲ್ಲಿ, ರೆಸ್ಟೋರೆಂಟಿನ ಮೇಜಿನಲ್ಲಿ ಮುಂದುವರಿಯುತ್ತದೆ. ವೀಸಾಕ್ಕಾಗಿ ಅಡುಗೆಯ ಕೋರ್ಸು ಬೇಡ ಎಂಬ ಮಾತು ಸರಿ. ಆದರೆ ಇಲ್ಲಿ ಕೆಲಸ ಮಾಡುವ ಒಂದೆರಡು ವರ್ಷದಲ್ಲಿ ಬ್ಯಾಂಕ್ವೆಟ್ ಮತ್ತು ಅಡುಗೆಮನೆಯ ಖರ್ಚಿನ ಲೆಕ್ಕವನ್ನು ಕಲಿತುಕೊಂಡು ಹೋಗು. ರಜೆಯ ದಿನ ನಿನ್ನ ತಂದೆಯ ಹೋಟೆಲಿನ ಖರೀದಿ ಪುಸ್ತಕವನ್ನು ತೆಗೆದು ನೋಡು, ಕಾಲೇಜಿನಲ್ಲಿ ಹೇಳಿಕೊಡದ ಎಷ್ಟೋ ವಿಷಯಗಳು ಅದರಲ್ಲಿವೆ.

ಫ್ಲ್ಯಾಟಿನ ವಿಷಯದಲ್ಲಿ ನಿನ್ನ ಹಿಂಜರಿಕೆ ಸರಿಯಾಗಿದೆ. ಕಂಡಕ್ಟಿನ ಹೋಟೆಲು ಇಂದು ಇದೆ, ಮಾಲೀಕ ನಾಳೆ ತಾನೇ ನಡೆಸುತ್ತೇನೆಂದರೆ ಇಲ್ಲ. ಇರುವ ಒಂದೇ ಸೂರನ್ನು ಅಡವಿಡದೆ ಆಗುವ ದಾರಿ ಯಾವುದೆಂದು ಮೊದಲು ಹುಡುಕು. ತಂದೆ ಒಪ್ಪಿದ್ದಾರೆ ಎಂದೆಯಲ್ಲ, ಮಕ್ಕಳ ಓದಿಗೆಂದರೆ ನಮ್ಮ ಕಾಲದವರು ಯಾವುದಕ್ಕೂ ಬೇಡವೆನ್ನುವುದಿಲ್ಲ. ಆದ್ದರಿಂದ ಬೇಡವೆನ್ನುವ ಕೆಲಸವನ್ನು ನೀನೇ ಮಾಡಬೇಕಾಗುತ್ತದೆ.

ಉತ್ತರ: ಬ್ರಿಟನ್ನಿನಲ್ಲಿ ಓದಿದವರು, ಮುಲುಂದ

ಬ್ರಿಟನ್ನಿನ ಬಗ್ಗೆ ಸಂಕ್ಷಿಪ್ತವಾಗಿ. ಸ್ನಾತಕೋತ್ತರ ಪದವಿ ಒಂದೇ ವರ್ಷದಲ್ಲಿ ಮುಗಿಯುತ್ತದೆ, ಓದುವಾಗ ವಾರಕ್ಕೆ 20 ಗಂಟೆ ಕೆಲಸ ಮಾಡಬಹುದು, ನಂತರ ಗ್ರ್ಯಾಜುಯೇಟ್ ರೂಟ್ ವೀಸಾದಲ್ಲಿ ಯಾವ ಹೋಟೆಲಿನಲ್ಲಿ ಬೇಕಾದರೂ ದುಡಿಯಬಹುದು. ಆ ಅವಧಿ ಈವರೆಗೆ ಎರಡು ವರ್ಷವಿತ್ತು. 2027ರ ಜನವರಿ 1ರಿಂದ ಅರ್ಜಿ ಹಾಕುವವರಿಗೆ ಅದು 18 ತಿಂಗಳು. ಕಷ್ಟ ಶುರುವಾಗುವುದು ಅದಾದ ಮೇಲೆ. 2025ರ ಜುಲೈ 22ರಿಂದ ಅಲ್ಲಿ ಕೆಲಸದಲ್ಲಿ ಮುಂದುವರಿಯಲು ಬೇಕಾದ ಸ್ಕಿಲ್ಡ್ ವರ್ಕರ್ ವೀಸಾಕ್ಕೆ ಹುದ್ದೆ ಪದವಿ ಮಟ್ಟದ್ದಾಗಿರಬೇಕು, ಸಾಮಾನ್ಯ ವೇತನ ಮಿತಿ ವರ್ಷಕ್ಕೆ 41,700 ಪೌಂಡ್. ಹೊಸ ಅರ್ಜಿದಾರರಿಗೆ ಶೆಫ್ ಹುದ್ದೆ ಕೂಡ ಈಗ ಆ ವೀಸಾದಲ್ಲಿ ಸಿಗುವುದಿಲ್ಲ. ರಿಸೆಪ್ಷನ್ ಕೆಲಸದ ಮಾತು ದೂರ. ಲಂಡನ್ನಿನ ದೊಡ್ಡ ಹೋಟೆಲಿನಲ್ಲಿ ಒಂದೂವರೆ ವರ್ಷ ದುಡಿದು ಭಾರತಕ್ಕೋ ದುಬೈಗೋ ಬರುವ ಯೋಚನೆಯಿದ್ದರೆ ಬ್ರಿಟನ್ ಒಳ್ಳೆಯದು, ಅಲ್ಲಿಯೇ ಉಳಿಯುವ ಭರವಸೆಯ ಮೇಲೆ ದೊಡ್ಡ ಸಾಲ ಮಾಡುವುದು ಬೇಡ. ನಿಮ್ಮ ಗೆಳತಿಗೂ ಇದನ್ನು ತೋರಿಸಿ.

ವಿದ್ಯಾರ್ಥಿನಿ, ಡೊಂಬಿವಲಿ

ಎಲ್ಲರಿಗೂ ಹೃತ್ಪೂರ್ವಕ ವಂದನೆಗಳು. ಈ ಉತ್ತರಗಳನ್ನು ತಂದೆಯವರಿಗೆ ಓದಿ ಹೇಳಿದೆ. ಅಡುಗೆಯ ಕೋರ್ಸನ್ನು ಕೈಬಿಟ್ಟಿದ್ದೇವೆ, ಕ್ಯಾಂಪಸ್ ಸಂದರ್ಶನದಲ್ಲಿ ಫ್ರಂಟ್ ಆಫೀಸ್ ಹುದ್ದೆಗೆ ಪ್ರಯತ್ನಿಸುತ್ತೇನೆ, ಜರ್ಮನ್ ತರಗತಿಯನ್ನೂ ವಿಚಾರಿಸುತ್ತೇನೆ. ಪಣಜಿಯ ಅಣ್ಣನವರಿಗೆ ಎರಡು ಪ್ರಶ್ನೆಗಳಿವೆ. ಸ್ವಿಟ್ಜರ್ಲೆಂಡಿನ ವಿಷಯ ಯಾರೂ ಬರೆಯಲಿಲ್ಲ. ಮಾವನವರಿಗೆ ಏನು ಹೇಳಲಿ? ಇಲ್ಲಿ ಎರಡು ವರ್ಷ ಕೆಲಸ ಮಾಡಿದರೆ ಓದಿನಲ್ಲಿ ಗ್ಯಾಪ್ ಬಿದ್ದು ವೀಸಾಕ್ಕೆ ತೊಂದರೆಯಾಗುತ್ತದೆ ಎಂದು ಕನ್ಸಲ್ಟಂಟ್ ಹೇಳಿದರು, ಅದು ನಿಜವೇ?

ಉತ್ತರ: ಫ್ರಂಟ್ ಆಫೀಸ್ ಮ್ಯಾನೇಜರ್, ಪಣಜಿ

ಸ್ವಿಟ್ಜರ್ಲೆಂಡಿನ ಶಿಕ್ಷಣದ ಗುಣಮಟ್ಟದ ಬಗ್ಗೆ ಎರಡು ಮಾತಿಲ್ಲ. ಲೊಜಾನ್ನಿನ ಹೋಟೆಲ್ ಶಾಲೆ 1893ರಿಂದ ನಡೆದು ಬಂದಿದೆ. ಅಲ್ಲಿನ ಕೋರ್ಸುಗಳಲ್ಲಿ ಇಂಟರ್ನ್‌ಶಿಪ್ ಇರುತ್ತದೆ, ಹೋಟೆಲ್ ಉದ್ಯಮದ ಸಾಮೂಹಿಕ ಒಪ್ಪಂದದಂತೆ ಅದಕ್ಕೆ ಕನಿಷ್ಠ ವೇತನವೂ ಇದೆ. ಆದರೆ ಓದು ಮುಗಿದ ಮೇಲೆ ಅಲ್ಲಿಯೇ ಕೆಲಸ ಸಿಗುವುದು ತೀರಾ ಕಷ್ಟ. ಸ್ವಿಸ್ ಮತ್ತು ಯುರೋಪಿಯನ್ ಒಕ್ಕೂಟದವರಿಗೆ ಮೊದಲ ಆದ್ಯತೆ; ನಮ್ಮಂಥ ದೇಶಗಳವರಿಗೆ ಎಲ್ಲ ಉದ್ಯಮಗಳೂ ಸೇರಿ ವರ್ಷಕ್ಕೆ 8,500 ಪರವಾನಗಿಗಳ ಮಿತಿಯಿದೆ. ಶುಲ್ಕ ಫ್ರಾಂಕಿನಲ್ಲಿರುವುದರಿಂದ ರೂಪಾಯಿ ಕುಸಿದಂತೆಲ್ಲ ಸಾಲ ಏರುತ್ತದೆ. ಮನೆಯಲ್ಲಿ ಹಣವಿದ್ದು, ಮುಂದೆ ಬೇರೆ ದೇಶಗಳ ಹೋಟೆಲ್ ಸಮೂಹಗಳಲ್ಲಿ ಕೆಲಸ ಹುಡುಕುವವರಿಗೆ ಅದು ಹೊಂದುತ್ತದೆ. ಒಂದೇ ಫ್ಲ್ಯಾಟನ್ನು ಅಡವಿಟ್ಟು ಹೋಗುವವರಿಗೆ ಹೊಂದುವುದಿಲ್ಲ. ಮಾವನವರಿಗೆ ಹೀಗೆಯೇ ಹೇಳಬಹುದು.

ಎರಡನೆಯದಕ್ಕೆ ಉತ್ತರ: ಅದೇ ವೃತ್ತಿಯಲ್ಲಿ ದಾಖಲೆಯಿರುವ ಕೆಲಸ ಮಾಡಿದ್ದರೆ ಅದನ್ನು ಗ್ಯಾಪ್ ಎನ್ನುವುದಿಲ್ಲ. ಆಸ್ಟ್ರೇಲಿಯಾದ ವಿದ್ಯಾರ್ಥಿ ವೀಸಾ ಅರ್ಜಿಯಲ್ಲಿ ನಿಮ್ಮ ಈಗಿನ ಉದ್ಯೋಗವೇನು, ಈ ಕೋರ್ಸು ಅದಕ್ಕೆ ಹೇಗೆ ನೆರವಾಗುತ್ತದೆ ಎಂದು ಕೇಳುತ್ತಾರೆ. ಹೇಳಲು ಕೆಲಸವಿರುವುದು ಅನುಕೂಲವೇ. ಅಲ್ಲದೆ, ಅನುಭವ ಬಂದಮೇಲೆ ಸಾಲವಿಲ್ಲದ ಒಂದು ದಾರಿಯೂ ತೆರೆಯುತ್ತದೆ. ಅಮೆರಿಕದ ಜೆ-1 ಟ್ರೇನಿ ವೀಸಾಕ್ಕೆ ಪದವಿ ಮತ್ತು ಅದೇ ಕ್ಷೇತ್ರದಲ್ಲಿ ಅಮೆರಿಕದ ಹೊರಗೆ ಒಂದು ವರ್ಷದ ಅನುಭವ ಸಾಕು. ಹೋಟೆಲ್ ಕ್ಷೇತ್ರದವರಿಗೆ ಗರಿಷ್ಠ 12 ತಿಂಗಳು ಕೊಡುತ್ತಾರೆ. ಇಂಟರ್ನ್ ಆಗಿ ಹೋಗುವುದಾದರೆ ಪದವಿ ಮುಗಿದ 12 ತಿಂಗಳೊಳಗೆ ಹೋಗಬೇಕು. ಯಾವ ತಿಂಗಳು ಯಾವ ವಿಭಾಗದಲ್ಲಿ ಏನು ಕಲಿಸುತ್ತಾರೆ ಎಂಬ ತರಬೇತಿ ಯೋಜನೆ ಡಿಎಸ್-7002 ಎಂಬ ನಮೂನೆಯಲ್ಲಿರುತ್ತದೆ. ಅದರಲ್ಲಿ ರಿಸರ್ವೇಷನ್ ಮತ್ತು ರೆವೆನ್ಯೂ ವಿಭಾಗಗಳ ಹೆಸರಿಲ್ಲದಿದ್ದರೆ ಸೇರಿಸುವಂತೆ ಕೇಳಿ, ಸೇರಿಸದಿದ್ದರೆ ಸಹಿ ಹಾಕಬೇಡಿ.

ಕೆಲಸಕ್ಕೆ ಸೇರಿದ ದಿನದಿಂದಲೇ ನೇಮಕ ಪತ್ರ, ಪ್ರತಿ ತಿಂಗಳ ಪೇಸ್ಲಿಪ್, ವಿಭಾಗ ಬದಲಾದಾಗ ಬರುವ ಪತ್ರ ಎಲ್ಲವನ್ನೂ ಜೋಪಾನ ಮಾಡಿ. ಬಿಡುವಾಗ ಎಚ್‌ಆರ್ ಕಡೆಯಿಂದ ಪಡೆಯುವ ಅನುಭವ ಪತ್ರದಲ್ಲಿ ಹುದ್ದೆಯ ಹೆಸರಷ್ಟೇ ಸಾಲದು, ನೀವು ಮಾಡಿದ ಕೆಲಸಗಳು, ವಾರದ ಗಂಟೆಗಳು ಮತ್ತು ಆರಂಭ ಹಾಗೂ ಮುಕ್ತಾಯದ ದಿನಾಂಕಗಳನ್ನು ಬರೆಸಿಕೊಳ್ಳಿ. ನಿಮ್ಮ ಕಾಲೇಜಿನ ಟ್ರೇನಿಂಗ್ ಲಾಗ್‌ಬುಕ್ಕಿಗೆ ಹೋಟೆಲಿನ ಸಹಿ ಮತ್ತು ಮೊಹರು ಆಗಿದೆಯೇ ಎಂದು ಈ ವಾರವೇ ನೋಡಿ. ಅಧಿಕಾರಿಗಳು ಬದಲಾದ ಮೇಲೆ ಅದನ್ನು ಪಡೆಯುವುದು ಕಷ್ಟವಾಗುತ್ತದೆ.